ಹೊಸ ಬೇಸಾಯವೂ ರೈತನ ಒಪ್ಪಿಗೆಯೂ

ಬೇಸಾಯದಲ್ಲಿ ಹೊಸದಾಗಿ ಮಾಡುವ ಕಾರ್ಯವು ಯಾವುದೇ ಆಗಲಿ, ಅದು ಮೊದಲು ಯಾರದೋ ಹೊಲದಲ್ಲಿ ನಡೆಯಬೇಕಾಗುವುದು. ಪಂಡಿತನು ಕೊಠಡಿಯಲ್ಲಿ ಕುಳಿತು ಹಾಕಿದ ಲೆಕ್ಕವು ತಪ್ಪಿದರೆ ಆ ಕಾಗದವನ್ನು ಹರಿದು ಮತ್ತೊಂದನ್ನು ಬರೆಯಬಹುದು. ಹೊಲದಲ್ಲಿ ಹಾಕಿದ ಲೆಕ್ಕವು ತಪ್ಪಿದರೆ ಒಂದು ಕುಟುಂಬದ ಒಂದು ವರ್ಷದ ಅನ್ನವು ಹೋಗುವುದು. ಆದುದರಿಂದ ಹೊಸ ನೀರನ್ನೋ ಹೊಸ ಪೈರನ್ನೋ ಹೊಸ ಬೀಜವನ್ನೋ ತಂದವರು, ಅದರ ನಷ್ಟವನ್ನು ಹೊರಬೇಕಾದವರಿಗೆ ನಿಜವನ್ನು ತಿಳಿಸಿದರೇ, ಅವರ ಒಪ್ಪಿಗೆಯನ್ನು ಕೇಳಿದರೇ ಎಂಬ ಪ್ರಶ್ನೆಯು ವಿಜ್ಞಾನಕ್ಕೆ ಹೊರಗಿನದೆಂದು ತಳ್ಳಿಬಿಡತಕ್ಕುದಲ್ಲ. ಹೊಸಪೇಟೆ, ಹಂಪೆ, ಸೊಂಡೂರು, ಕಂಪ್ಲಿಗಳ ಸೀಮೆಯಲ್ಲಿ ಐದುನೂರು ವರ್ಷಗಳಿಂದ ಇಂತಹ ಹೊಸ ಕಾರ್ಯಗಳು ಒಂದರ ಮೇಲೊಂದು ನಡೆದಿರುವುದರಿಂದ, ಈ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವನ್ನು ಇಲ್ಲಿಯೇ ನೋಡಬಹುದು.

ಮೊದಲನೆಯದು ಕೃಷ್ಣದೇವರಾಯನ ಕಾಲದ ಕೆರೆ. ರಾಯನು ನಾಗಲಾಪುರವೆಂಬ ಹೊಸ ಊರನ್ನು ಕಟ್ಟಿಸಿದನು. ಅದೇ ಇಂದಿನ ಹೊಸಪೇಟೆ. ಅದಕ್ಕೆ ನೀರೊದಗಿಸುವುದಕ್ಕಾಗಿ ಸೊಂಡೂರಿನ ಗುಡ್ಡಗಳ ಸಾಲಿನಲ್ಲಿ ಎರಡು ಬೆಟ್ಟಗಳ ನಡುವೆ ದೊಡ್ಡ ಏರಿಯೊಂದನ್ನು ಹಾಕಿಸಿದನು. ಆ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ದೊಮಿಂಗೊ ಪಾಯಸನು ಆ ಕೆಲಸವನ್ನು ಕಣ್ಣಾರೆ ಕಂಡು, ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದಿರುವನು. ಏರಿಯು ಎರಡು ಮೂರು ಸಲ ಒಡೆಯಿತು. ದೈವವು ಬಲಿಯನ್ನು ಬೇಡುತ್ತಿದೆಯೆಂಬ ಮಾತನ್ನು ಕೇಳಿ ರಾಯನು ಅರುವತ್ತು ಮಂದಿ ಮನುಷ್ಯರನ್ನೂ ಕೆಲವು ಕುದುರೆ ಕೋಣಗಳನ್ನೂ ಕಡಿಸಿದನೆಂದು ಪಾಯಸನು ಹೇಳುವನು. ಕೆಲವು ವರ್ಷಗಳ ತರುವಾಯ ಬರೆದ ಫೆರ್ನಾವೊ ನೂನಿಜನೂ ಈ ಸಂಗತಿಯನ್ನು ಎತ್ತಿ, ಬಲಿಯಾದವರು ಮರಣದಂಡನೆಗೆ ಗುರಿಯಾಗಿದ್ದ ಸೆರೆಯಾಳುಗಳೆನ್ನುವನು. ಗೋವೆಯಿಂದ ಕರೆಯಿಸಿದ ಪೋರ್ತುಗೀಸ ಕಲ್ಲುಕೆಲಸದವನೊಬ್ಬನು ಈ ಕಾರ್ಯದಲ್ಲಿ ನೆರವಾದನೆಂಬುದನ್ನೂ ಅವನೇ ತಿಳಿಸಿರುವನು. ಅಂತು ದೂರದೇಶದ ಕೌಶಲವನ್ನು ತರಿಸಿ ಮಾಡಿದ ಹೊಸ ಪ್ರಯೋಗವೇ ಅದಾಗಿತ್ತು.

ಇದೇ ನೂನಿಜನು ಮತ್ತೊಂದು ಮಾತನ್ನು ಬರೆದಿರುವನು. ಅದನ್ನು ವಾಚಕರು ಸಾಮಾನ್ಯವಾಗಿ ಮರೆಯುವರು. ಕೆರೆಯ ನೀರು ಹರಿಯುವ ಭೂಮಿಗಳನ್ನು ರಾಯನು ಒಂಬತ್ತು ವರ್ಷಗಳವರೆಗೆ ಕಂದಾಯವಿಲ್ಲದೆ ಜನರಿಗೆ ಬಿಟ್ಟುಕೊಟ್ಟನು; ಅಷ್ಟರಲ್ಲಿ ಅವರು ಗದ್ದೆ ತೋಟಗಳನ್ನು ಮಾಡಿಕೊಂಡರು; ಕಡೆಗೆ ಅರಸನ ಹುಟ್ಟುವಳಿ ಇಪ್ಪತ್ತು ಸಾವಿರ ಪಗೋಡಗಳಷ್ಟಾಯಿತು. ಹೊಸ ನೀರಿನ ಕೆಳಗೆ ಗದ್ದೆ ತಿದ್ದುವಾಗ ಮೊದಲ ವರ್ಷಗಳ ನಷ್ಟವು ರೈತನ ಪಾಲಿಗೆ ಬರುವುದೆಂಬುದನ್ನು ಅರಸನು ಅರಿತಿದ್ದನು. ಆ ಭಾರವನ್ನು ತಾನೂ ಹೊತ್ತನು. ನೀರನ್ನು ಪಡೆದವರ ವಿಷಯದಲ್ಲಿ ಇದು ನ್ಯಾಯ. ಏರಿಯ ಬುಡದಲ್ಲಿ ಪ್ರಾಣ ಬಿಟ್ಟವರ ವಿಷಯದಲ್ಲಿ ಯಾವ ನ್ಯಾಯವೂ ಇರಲಿಲ್ಲ. ಒಂದೇ ಕೆರೆಯ ಕಥೆಯಲ್ಲಿ ಎರಡೂ ಇವೆ.

ರಾಯರ ಕಾಲದ ಕಾಲುವೆಗಳ ಕಥೆಯು ಇದಕ್ಕಿಂತ ಶಾಂತವಾದುದು. ಹಂಪೆಯ ಗುಡಿಗಳ ನಡುವಣ ಕಣಿವೆಯಲ್ಲಿ ಹರಿಯುವ ತುರ್ತು ಕಾಲುವೆ, ಹೊಸಪೇಟೆಯ ರಾಯ ಬಸವ ಕಾಲುವೆಗಳು, ಕೆಳಗಣ ಕಂಪ್ಲಿಯ ಕಾಲುವೆ ಇವು ಇಂದಿಗೂ ಬಾಳೆ, ಕಬ್ಬು, ಬತ್ತಗಳಿಗೆ ನೀರುಣಿಸುತ್ತಿರುವುವು. ಇಂತಹ ಕೆಲಸಗಳನ್ನು ಕಟ್ಟಿದವರಿಗೂ ಕಾಪಾಡಿದವರಿಗೂ ಅದೇ ನೀರಿನ ಕೆಳಗೆ ಭೂಮಿಯನ್ನೋ ಬೆಳೆಯ ಪಾಲನ್ನೋ ಕೊಡುವ ಪದ್ಧತಿಯುಂಟಾಗಿತ್ತು. ಕನ್ನಡ ಶಾಸನಗಳಲ್ಲಿ ಬರುವ ಕಟ್ಟುಕೊಡಗೆ, ದಶವಂದ, ಬಿತ್ತುವಟ್ಟ ಎಂಬ ಮಾತುಗಳು ಇದನ್ನೇ ಹೇಳುವುವು. ಕೆರೆ ಕಾಲುವೆಗಳು ನಿಂತರೆ ಅವನಿಗೂ ಲಾಭ, ಒಡೆದರೆ ಅವನಿಗೂ ನಷ್ಟ. ಸಾಮ್ರಾಜ್ಯವು ಅಳಿದರೂ ಕಾಲುವೆಗಳು ಉಳಿದುದಕ್ಕೆ ಕಲ್ಲಿನ ಗಟ್ಟಿತನದೊಡನೆ ಈ ಏರ್ಪಾಡೂ ಕಾರಣವೆನ್ನಬೇಕು.

ಎರಡನೆಯ ದೊಡ್ಡ ಪ್ರಯೋಗವು ತುಂಗಭದ್ರಾ ಅಣೆಕಟ್ಟು. ಆ ನದಿಯ ನೀರನ್ನು ಬಳ್ಳಾರಿ ಸೀಮೆಗೆ ತಿರುಗಿಸುವ ಆಲೋಚನೆಯು 1860ರಷ್ಟು ಹಿಂದೆಯೇ ಸರ್ ಆರ್ಥರ್ ಕಾಟನ್ನನಿಗೆ ಹೊಳೆದಿತ್ತು. 1876 ರಿಂದ 1878ರವರೆಗಿನ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯ ಜನರು ಪಟ್ಟ ಪಾಡು ಆ ಆಲೋಚನೆಯನ್ನು ಮರೆಯಗೊಡಲಿಲ್ಲ. ಆದರೂ ಮದರಾಸು ಹೈದರಾಬಾದುಗಳ ನಡುವಣ ಮಾತುಕತೆ ಮುಗಿಯುವುದಕ್ಕೆ ಎಂಬತ್ತು ವರ್ಷಗಳು ಹಿಡಿದುವು. 1945ನೆಯ ಫೆಬ್ರವರಿ 28ರಂದು ನದಿಯ ಎರಡು ದಡಗಳಲ್ಲಿಯೂ ಅಸ್ತಿಭಾರವನ್ನಿಟ್ಟರು; 1953ರಲ್ಲಿ ಕಾಲುವೆಗಳಿಗೆ ನೀರು ಬಂದಿತು.

ನಡುವೆ ಒಂದು ಸಂದೇಹವು ಎದ್ದಿತ್ತು. ಬಳ್ಳಾರಿಯ ಎರೆಭೂಮಿಯು ನೀರನ್ನು ಹಿಡಿದಿಟ್ಟುಕೊಳ್ಳುವ ನೆಲ. ಅದರ ಮೇಲೆ ಕಾಲುವೆಯ ನೀರನ್ನು ಬಿಟ್ಟರೆ ಪೈರು ಏಳುವುದೋ, ನೆಲವೇ ಕೆಡುವುದೋ ಎಂಬುದೇ ಆ ಸಂದೇಹ. ಇದನ್ನು ಪರೀಕ್ಷಿಸುವುದಕ್ಕಾಗಿ ಮದರಾಸು ಸರಕಾರವು 1937ರಲ್ಲಿ ಸಿರುಗುಪ್ಪದಲ್ಲಿ ಕೃಷಿಪ್ರಯೋಗಕ್ಷೇತ್ರವನ್ನು ತೆರೆಯಿತು. ಇದು ಮೆಚ್ಚತಕ್ಕ ಕಾರ್ಯ. ಸಾವಿರಾರು ರೈತರ ಭೂಮಿಯನ್ನು ಪಣಕ್ಕೊಡ್ಡುವ ಮೊದಲು ಸರಕಾರವು ತನ್ನ ಭೂಮಿಯಲ್ಲಿ, ತನ್ನ ಖರ್ಚಿನಲ್ಲಿ, ಬಹಿರಂಗವಾಗಿ ನೋಡಿತು. ಸೋತರೆ ಸೋಲು ಸರಕಾರದ್ದು.

ನೆಲವನ್ನು ಪರೀಕ್ಷಿಸಿದರೇ ಹೊರತು ಜನರನ್ನು ಕೇಳಲಿಲ್ಲ. ಕ್ಷಾಮನಿವಾರಣೆಯೇ ಯೋಜನೆಯ ಉದ್ದೇಶವಾದುದರಿಂದ ನೀರನ್ನು ತೆಳ್ಳಗೆ ಬಹುದೂರದವರೆಗೆ ಹಂಚಬೇಕೆಂದು ಅಧಿಕಾರಿಗಳು ಗೊತ್ತುಮಾಡಿದರು. ಯಾವ ಸರ್ವೆ ನಂಬರಿನಲ್ಲಿ ಬತ್ತ, ಯಾವುದರಲ್ಲಿ ಕಬ್ಬು, ಯಾವುದರಲ್ಲಿ ಸ್ವಲ್ಪ ನೀರಿನ ಜೋಳ ಹತ್ತಿಗಳು ಎಂಬುದನ್ನು ಕಾಗದದ ಮೇಲೆ ನಿರ್ಣಯಿಸಿದರು. ಉದ್ದೇಶವು ಧರ್ಮವಾದುದೇ. ಆದರೆ ಕಾಲುವೆಯ ತಲೆಯಲ್ಲಿದ್ದ ರೈತನಿಗೆ ಬತ್ತದಲ್ಲಿ ಲಾಭವು ಕಂಡಿತು. ಕರಾವಳಿಯ ಆಂಧ್ರದಿಂದ ಬಂದು ನೆಲಸಿದ ಬತ್ತದ ಬೇಸಾಯಗಾರರು ದಾರಿಯನ್ನು ತೋರಿಸಿದರು. ನಿರ್ಣಯವು ಕಾಗದದಲ್ಲಿಯೇ ಉಳಿಯಿತು. ಮೇಲಿನವರು ಬತ್ತಕ್ಕೆ ನೀರು ಕಟ್ಟಿದಷ್ಟೂ ಕೊನೆಯ ಹಳ್ಳಿಗಳಿಗೆ ನೀರು ತಲಪದಾಯಿತು. ನೀರು ನಿಂತ ಎರೆಯಲ್ಲಿ ಅನೇಕ ಕಡೆ ಉಪ್ಪು ಮೇಲಕ್ಕೆದ್ದು ನೆಲವು ಚೌಳಾಯಿತು. ಯಾರ ಒಪ್ಪಿಗೆಯನ್ನೂ ಪಡೆಯದ ನಿಯಮವನ್ನು ಬಲವುಳ್ಳವನು ಮೀರುವನು, ಬಲವಿಲ್ಲದವನು ಅದರ ಫಲವನ್ನುಣ್ಣುವನು. ರೈತರನ್ನು ಕೇಳುವುದೆಂದರೆ ಕಾಲುವೆಯ ತಲೆಯಲ್ಲಿ ನಿಂತವನನ್ನು ಮಾತ್ರ ಕೇಳುವುದಲ್ಲವೆಂಬುದೂ ಇದರಿಂದ ಗೊತ್ತಾಗುವುದು. ಕೊನೆಯ ಹಳ್ಳಿಯವನನ್ನೂ ಕೇಳಬೇಕು, ಜಲಾಶಯದಲ್ಲಿ ಊರೇ ಮುಳುಗಿಹೋದ ನಾರಾಯಣದೇವರಕೆರೆಯಂತಹ ಹಳ್ಳಿಯವನನ್ನೂ ಕೇಳಬೇಕು.

ಮೂರನೆಯ ಪ್ರಯೋಗವು ಬೀಜದ್ದು. ಇದರಲ್ಲಿ ನೀರಿನಂತೆ ಕಣ್ಣಿಗೆ ಕಾಣುವ ಏರಿಯಿಲ್ಲ, ತೂಬಿಲ್ಲ. ಬೀಜದೊಳಗೇನಿದೆಯೆಂಬುದನ್ನು ರೈತನು ನೋಡಿ ತಿಳಿಯಲಾರನು, ತಂದವನು ಹೇಳಿದರೆ ಮಾತ್ರ ತಿಳಿದಾನು. ಬೀಜದ ಮೇಲೆ ಕಂಪೆನಿಗಳು ಪೇಟೆಂಟಿನ ಹಕ್ಕನ್ನು ಪಡೆಯಬಹುದೆಂಬ ಭೀತಿಯು ಹಬ್ಬಿದ್ದ ಕಾಲದಲ್ಲಿ, 1992ನೆಯ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, ಹೊಸಪೇಟೆಯಲ್ಲಿ ನೆರೆದ ರೈತರ ದೊಡ್ಡ ಸಭೆಯು ಬೀಜಸತ್ಯಾಗ್ರಹವನ್ನು ಸಾರಿತು. ಅದರ ಮುಂದಾಳು ಕರ್ನಾಟಕ ರಾಜ್ಯ ರೈತ ಸಂಘ. ಅದರ ನಾಯಕರು ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರು. ಬೀಜವನ್ನು ಉಳಿಸಿ, ಹಂಚಿ, ಮತ್ತೆ ಬಿತ್ತುವ ಹಕ್ಕು ರೈತನದೆಂಬುದೇ ಅದರ ತಿರುಳು. 1993ರ ಜುಲೈ ತಿಂಗಳಲ್ಲಿ ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪೆನಿಯು ಕಟ್ಟಿಸುತ್ತಿದ್ದ ಬೀಜದ ಕಾರ್ಖಾನೆಯನ್ನು ಸಂಘದವರು ಕೆಡವಿದರು.

ಇಷ್ಟಾದ ಮೇಲೂ ಎಚ್ಚರವು ಹುಟ್ಟಲಿಲ್ಲ. 1998ರ ಜುಲೈ ಆಗಸ್ಟುಗಳಲ್ಲಿ ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು, ಮಹಿಕೋ ಮತ್ತು ಮೊನ್ಸಾಂಟೊ ಕಂಪೆನಿಗಳ ಬಿಟಿ ಹತ್ತಿಯನ್ನು ಹಲವು ರಾಜ್ಯಗಳಲ್ಲಿ ನಲವತ್ತು ಕಡೆ ಬೆಳೆದು ನೋಡುವುದಕ್ಕೆ ಅನುಮತಿಯನ್ನಿತ್ತಿತು. ಮಣ್ಣಿನ ಒಂದು ಸೂಕ್ಷ್ಮಜೀವಿಯ ಗುಣವನ್ನು ಹತ್ತಿಯ ಗಿಡದೊಳಕ್ಕೆ ಸೇರಿಸಿ, ಕಾಯಿಕೊರಕ ಹುಳುವು ಅದನ್ನು ತಿಂದರೆ ಸಾಯುವಂತೆ ಮಾಡಿದ ತಳಿ ಅದು. ಕರ್ನಾಟಕದ ಪ್ರಯೋಗಗಳು ರಾಯಚೂರು ಬಳ್ಳಾರಿ ಜಿಲ್ಲೆಗಳ ರೈತರ ಹೊಲಗಳಲ್ಲಿದ್ದುವು. ಆದರೆ ಯಾವ ಹೊಲವೆಂಬುದು ನೆರೆಹೊರೆಯವರಿಗೂ ತಿಳಿಯದು. ನವೆಂಬರ್ ಕೊನೆಯಲ್ಲಿ ರಾಜ್ಯದ ಕೃಷಿಮಂತ್ರಿ ಸಿ. ಬೈರೇಗೌಡರು ಆ ಸ್ಥಳಗಳನ್ನು ಬಯಲುಮಾಡಿದರು. 28ನೆಯ ತಾರೀಖಿನಂದು ರೈತ ಸಂಘದವರು ಸಿಂಧನೂರು ತಾಲ್ಲೂಕಿನ ಮಲದಕಲ್ಲಿಗೆ ಹೋಗಿ ಪೈರನ್ನು ಕಿತ್ತು ಸುಟ್ಟರು. ಕೆಲವು ದಿನಗಳಲ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೂ ಹಾಗೆಯೇ ಆಯಿತು. ಮಲದಕಲ್ಲಿನ ಹೊಲದೊಡೆಯನು ಹೇಳಿದುದಿಷ್ಟು: ಕಂಪೆನಿಯ ಕಡೆಯವರು ಬಂದು ಹೊಸ ಹತ್ತಿಯ ಬೀಜವನ್ನು ಹಣವಿಲ್ಲದೆ ಕೊಟ್ಟರು, ಅದು ಎಂತಹ ಬೀಜವೆಂಬುದನ್ನು ತಿಳಿಸಲಿಲ್ಲ.

ಈ ಪ್ರಸಂಗದಲ್ಲಿ ನ್ಯಾಯವನ್ನು ತೂಗುವವನು ಎರಡು ತಟ್ಟೆಗಳನ್ನೂ ನೋಡಬೇಕು. ಆಗ ಜನರಲ್ಲಿ ಹರಡಿದ್ದ ಮಾತೆಂದರೆ, ಇದು ಮರುಮೊಳಕೆಯಿಲ್ಲದ ಬಂಜೆಬೀಜ, ಒಮ್ಮೆ ಬಿತ್ತಿದವನು ವರ್ಷವರ್ಷವೂ ಕಂಪೆನಿಯ ಬಾಗಿಲಿಗೆ ಹೋಗಬೇಕಾಗುವುದು ಎಂಬುದು. ಅಂತಹ ಬೀಜಕ್ಕೆ ಅದೇ ವರ್ಷದ ಮಾರ್ಚಿಯಲ್ಲಿ ಅಮೆರಿಕದಲ್ಲಿ ಪೇಟೆಂಟು ದೊರೆತಿದ್ದುದು ನಿಜ; ಆದರೆ ಪ್ರಯೋಗದ ಹತ್ತಿಯಲ್ಲಿ ಆ ಗುಣವಿರಲಿಲ್ಲ. ಭೀತಿಯು ತಪ್ಪಾಗಿತ್ತು. ಅದಕ್ಕೆ ನೆಲೆಯನ್ನು ಕೊಟ್ಟುದು ಗುಟ್ಟು. ಬಿತ್ತನೆಯ ಕಾಲದಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತು ಹೇಳಿದ್ದರೆ ತಿಳಿಯಬಹುದಾಗಿದ್ದ ಸಂಗತಿಯು ಬೆಂಕಿ ಹಚ್ಚಿದ ಮೇಲೆ ಚರ್ಚೆಗೆ ಬಂದಿತು. ಇನ್ನೊಂದು ಕಡೆ, ಕಾಯಿಕೊರಕದ ಕಾಟದಿಂದಲೂ ಔಷಧದ ಸಾಲದಿಂದಲೂ ಬೆಂದಿದ್ದ ಹತ್ತಿಯ ರೈತನಿಗೆ ಆ ಪ್ರಯೋಗದ ಫಲವನ್ನು ತಿಳಿಯುವ ಅವಶ್ಯಕತೆಯಿತ್ತು. ಪೈರನ್ನು ಸುಟ್ಟವರು ಆ ತಿಳಿವನ್ನೂ ಸುಟ್ಟರು. ಹೊಲದೊಡೆಯರ ನಷ್ಟವನ್ನು ತುಂಬಿಕೊಡುವುದಾಗಿ ಸಂಘವು ಸಾರಿದುದನ್ನು ಮಾತ್ರ ಮರೆಯಬಾರದು. ನಷ್ಟವನ್ನು ಹೊರುವವನು ಯಾರೆಂಬುದು ಅವರ ನೆನಪಿನಲ್ಲಿತ್ತು.

2002ನೆಯ ಮಾರ್ಚಿ 26ರಂದು ಆ ಹತ್ತಿಗೆ ಮಾರಾಟದ ಅನುಮತಿಯು ದೊರೆಯಿತು. ಮುಂದಿನ ವರ್ಷಗಳಲ್ಲಿ ರೈತರು ತಾವಾಗಿಯೇ ಅದನ್ನು ಬಹುವಾಗಿ ಬಿತ್ತಿದರು. ಕೆಲಕಾಲ ಔಷಧದ ಖರ್ಚು ತಗ್ಗಿತು. ಬಳಿಕ ಗುಲಾಬಿ ಬಣ್ಣದ ಕಾಯಿಕೊರಕವು ಅದಕ್ಕೆ ಒಗ್ಗಿಕೊಂಡು ಮತ್ತೆ ಕಾಡಿತು. ರೈತನು ಹೊಸದನ್ನು ಕಂಡು ಹೆದರುವ ಮೂಢನೆಂಬ ಮಾತಿಗೂ, ಕಂಪೆನಿಯು ಕೊಟ್ಟುದನ್ನೆಲ್ಲ ನಂಬುವ ಮುಗ್ಧನೆಂಬ ಮಾತಿಗೂ ಈ ವೃತ್ತಾಂತದಲ್ಲಿ ಆಧಾರವಿಲ್ಲ.

ಕೇಳಿದರೆ ಅವನು ಹೇಗೆ ವಿಚಾರಮಾಡುವನೆಂಬುದಕ್ಕೆ ನೆರೆಯ ಜಿಲ್ಲೆಯಲ್ಲಿಯೇ ನಿದರ್ಶನವುಂಟು. 2000ನೆಯ ಮಾರ್ಚಿಯಲ್ಲಿ ಆಕ್ಷನ್ ಏಡ್ ಸಂಸ್ಥೆಯು ಚಿತ್ರದುರ್ಗ ಜಿಲ್ಲೆಯಲ್ಲಿ ಹದಿನಾಲ್ವರು ರೈತರ ಪಂಚಾಯಿತಿಯೊಂದನ್ನು ಕೂಡಿಸಿ, ಹೊಸ ಬೀಜದ ಪರವಾದವರನ್ನೂ ವಿರೋಧಿಗಳನ್ನೂ ಅದರ ಮುಂದೆ ಸಾಕ್ಷಿಗಳಾಗಿ ನಿಲ್ಲಿಸಿತು. ರೈತರು ಎರಡು ಕಡೆಯ ಮಾತನ್ನೂ ಕೇಳಿ ಪ್ರಶ್ನಿಸಿದರು. ಕಡೆಗೆ ಒಂಬತ್ತು ಮಂದಿ ಬೇಡವೆಂದರು, ನಾಲ್ವರು ಬಿತ್ತುವೆವೆಂದರು. ತೀರ್ಪು ಏನಾಯಿತೆಂಬುದಕ್ಕಿಂತ ಅದು ಬಂದ ಬಗೆಯು ಮುಖ್ಯ. 2009ರಲ್ಲಿ ‘ರೈತ ತೀರ್ಪು’ ಎಂಬ ಇಂತಹುದೇ ಸಭೆಯು ಕರ್ನಾಟಕದಲ್ಲಿ ಸೇರಿ, ಕೃಷಿಸಂಶೋಧನೆಯು ಯಾವ ದಾರಿ ಹಿಡಿಯಬೇಕೆಂಬುದರಲ್ಲಿಯೇ ಬೇಸಾಯಗಾರನ ಮಾತು ನಡೆಯಬೇಕೆಂದಿತು. ಬಿಟಿ ಬದನೆಯ ವಿಷಯದಲ್ಲಿ ಕೇಂದ್ರದ ಪರಿಸರಮಂತ್ರಿ ಜೈರಾಮ್ ರಮೇಶರು ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿ, 2010ನೆಯ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಕೊನೆಯದನ್ನು ಮುಗಿಸಿದರು. 9ರಂದು ಅದರ ಬಿತ್ತನೆಯನ್ನು ತಡೆಹಿಡಿದರು. ಗದ್ದಲದ ಸಭೆಗಳವು. ಆದರೂ ಈ ಸಲ ಪೈರನ್ನು ಸುಡಬೇಕಾಗಲಿಲ್ಲ.

ರಾಯನು ಒಂಬತ್ತು ವರ್ಷಗಳ ಕಂದಾಯವನ್ನು ಬಿಟ್ಟುದು, ಸಿರುಗುಪ್ಪದಲ್ಲಿ ಸರಕಾರವು ತನ್ನ ಭೂಮಿಯಲ್ಲಿ ಮೊದಲು ಬಿತ್ತಿ ನೋಡಿದುದು, ಚಿತ್ರದುರ್ಗದಲ್ಲಿ ರೈತರನ್ನು ನ್ಯಾಯಾಸನದಲ್ಲಿ ಕುಳ್ಳಿರಿಸಿದುದು ಇವು ಮೂರೂ ಬೇರೆ ಬೇರೆ ಕಾಲದವು. ನಷ್ಟದ ಪಾಲನ್ನು ತಾನೂ ಹೊರುವುದು, ಗುಟ್ಟಿಲ್ಲದೆ ಪರೀಕ್ಷಿಸುವುದು, ಕೇಳಿ ನಡೆಯುವುದು ಎಂಬ ಮೂರು ಕಟ್ಟಳೆಗಳು ಅವುಗಳಲ್ಲಿವೆ. ಇವುಗಳಲ್ಲಿ ಒಂದೊಂದನ್ನು ಒಂದೊಂದು ಕಾಲವು ಪಾಲಿಸಿತು. ಮೂರನ್ನೂ ಒಟ್ಟಿಗೆ ಪಾಲಿಸಿದ ಹೊಸ ಬೇಸಾಯವನ್ನು ಈ ಸೀಮೆಯು ಇನ್ನೂ ಕಾಣಬೇಕಾಗಿದೆ. ತುರ್ತು ಕಾಲುವೆಯ ಬಾಳೆಯ ತೋಟಕ್ಕೂ ಕಂಪ್ಲಿಯ ಗದ್ದೆಗೂ ಮುಂದೆ ಬರುವ ಬೀಜವಾಗಲಿ, ಗೊಬ್ಬರವಾಗಲಿ, ಯಂತ್ರವಾಗಲಿ, ಅದನ್ನು ತರುವ ಪಂಡಿತರು ಮೊದಲು ಹಳ್ಳಿಯ ಕಟ್ಟೆಯ ಮೇಲೆ ಬಂದು ಕುಳಿತು ಮಾತನಾಡುವುದರಿಂದ ಅವರ ವಿಜ್ಞಾನಕ್ಕೆ ಯಾವ ಕುಂದೂ ಬಾರದು.