ಊರಿನ ಹುಡುಗನನ್ನು ಮನೆಗೆ ಕಳಿಸಿದ ಕೋಚ್

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಅದರಲ್ಲೂ ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರುತ್ತೆ, ಯಾರಿಗೆ ಎಸೆಯಬೇಕು ಅನ್ನೋದನ್ನು ಎರಡು ಮೂರು ಸೆಕೆಂಡಿನಲ್ಲಿ ಅವನೇ ತೀರ್ಮಾನಿಸಬೇಕು. ಗೆದ್ದರೆ ಹೂವಿನ ಹಾರ, ಸೋತರೆ ಬೈಗುಳ, ಎರಡೂ ಅವನ ಕೊರಳಿಗೇ. ಹಾಗಾಗಿ ಅಲ್ಲಿ ಕ್ವಾರ್ಟರ್‌ಬ್ಯಾಕ್ ಇರಬೇಕೋ ಹೋಗಬೇಕೋ, ಕೋಚ್ ಬದಲಾಗಬೇಕೋ ಬೇಡವೋ ಅನ್ನೋ ಜಗಳ ನಮ್ಮಲ್ಲಿ ಮುಖ್ಯಮಂತ್ರಿ ಬದಲಾವಣೆಯ ಚರ್ಚೆ ಇದ್ದ ಹಾಗೆ. ಮುಗಿಯೋದೇ ಇಲ್ಲ.

ಈ ಜಗಳದ ಚರಿತ್ರೆ ಓದಬೇಕಾದರೆ ಕ್ಲೀವ್‌ಲ್ಯಾಂಡ್‌ಗೆ ಹೋಗಬೇಕು. ಓಹಿಯೋ ರಾಜ್ಯದ ನಗರ. ತಂಡದ ಹೆಸರು ಬ್ರೌನ್ಸ್. 1977ರ ಸೆಪ್ಟೆಂಬರ್‌ನಲ್ಲಿ ಅದೇ ರಾಜ್ಯದ ಯಂಗ್ಸ್‌ಟೌನ್‌ನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿತು. ಸುಮಾರು 5000 ಜನರ ಕೆಲಸ ಹೋಯ್ತು. ಬರ್ನಿ ಕೋಸರ್ ಆ ಸೀಮೆಯ ಹುಡುಗ. 1985ರಲ್ಲಿ ಅವನು ಏನು ಮಾಡಿದ ಗೊತ್ತಾ? ದೊಡ್ಡ ದೊಡ್ಡ ಊರಿನ ತಂಡಗಳನ್ನು ಬಿಟ್ಟು, ಬೇಕಂತಲೇ ಆಯ್ಕೆಯ ದಾರಿ ಬದಲಿಸಿ ಬ್ರೌನ್ಸ್‌ಗೇ ಬಂದ. ಕೆಲಸ ಹುಡುಕಿಕೊಂಡು ಜನ ಊರು ಬಿಡ್ತಿದ್ದ ಕಾಲದಲ್ಲಿ ಒಬ್ಬ ಊರಿಗೆ ವಾಪಸ್ ಬಂದ! ಜನ ಅವನನ್ನು ತಲೆ ಮೇಲೆ ಹೊತ್ತುಕೊಳ್ಳದೆ ಇರ್ತಾರಾ?

ಅವನು ತಂಡವನ್ನು ಫೈನಲ್ ಬಾಗಿಲವರೆಗೆ ಮೂರು ಸಲ ಒಯ್ದ. ಮೂರೂ ಸಲ ಡೆನ್ವರ್ ತಂಡದ ಎದುರು ಸೋಲು. 1987ರ ಜನವರಿಯ ಪಂದ್ಯದಲ್ಲಿ ಇನ್ನೇನು ಗೆದ್ದೆವು ಅನ್ನುವಾಗ ಎದುರಾಳಿ 98 ಗಜ ನುಗ್ಗಿ ಸಮ ಮಾಡಿ, ಹೆಚ್ಚುವರಿ ಆಟದಲ್ಲಿ ಗೆದ್ದುಕೊಂಡು ಹೋದರು.

1991ರಲ್ಲಿ ಹೊಸ ಕೋಚ್ ಬಂದ. ಬಿಲ್ ಬೆಲಿಚಿಕ್, ವಯಸ್ಸು 38. ಮುಖದಲ್ಲಿ ನಗು ಇಲ್ಲ, ಪತ್ರಕರ್ತರ ಪ್ರಶ್ನೆಗೆ ಅರ್ಧ ಸಾಲಿನ ಉತ್ತರ. (ನಮ್ಮ ಕಸುಬಿನವರಿಗೆ ಇಂಥವರು ಮೊದಲೇ ಆಗಿಬರಲ್ಲ.) ಏಟು ತಿಂದು ತಿಂದು ಕೋಸರ್ ಕೈ ಸೋತಿದೆ ಅನ್ನೋದು ಅವನ ಲೆಕ್ಕ. 1993ರ ನವೆಂಬರ್ 8ರಂದು, ಡೆನ್ವರ್ ವಿರುದ್ಧ ಸೋತ ಮರುದಿನ, ಕೋಸರ್‌ನನ್ನು ತಂಡದಿಂದಲೇ ತೆಗೆದುಹಾಕಿದರು. ತಂಡ ಆಗ ಐದು ಗೆದ್ದು ಮೂರು ಸೋತಿತ್ತು. ಅವನ ಜಾಗಕ್ಕೆ ಅಂತ ಇಟ್ಟುಕೊಂಡಿದ್ದ ಟೆಸ್ಟವರ್ಡಿಗೆ ಭುಜದ ಗಾಯ. ಲೆಕ್ಕ ಸರಿಯೇ ಇರಬಹುದು ಸ್ವಾಮಿ, ಆದರೆ ಇನ್ನೊಂದು ಎತ್ತು ಕುಂಟುತ್ತಿರುವಾಗ ಇರೋ ಎತ್ತನ್ನು ಯಾರಾದರೂ ಬಿಚ್ಚಿ ಕಳಿಸ್ತಾರಾ? ಸೀಸನ್ ಮುಗಿದಾಗ ಏಳು ಗೆಲುವು, ಒಂಬತ್ತು ಸೋಲು. ಅತ್ತ ಕೋಸರ್ ಡಲ್ಲಾಸ್ ತಂಡ ಸೇರಿ, ಮೀಸಲು ಆಟಗಾರನಾಗಿ ಅದೇ ಸೀಸನ್‌ನ ಸೂಪರ್ ಬೌಲ್ ಗೆದ್ದ ತಂಡದಲ್ಲಿ ನಿಂತಿದ್ದ. ಕ್ಲೀವ್‌ಲ್ಯಾಂಡ್ ಜನರ ಹೊಟ್ಟೆ ಹೇಗೆ ಉರಿದಿರಬೇಡ!

ಬಿಲ್ ತೊಲಗಲಿ ಅಂತ ಸ್ಟೇಡಿಯಂ ಕೂಗಿತು. ನನ್ನ ದೃಷ್ಟಿಯಲ್ಲಿ ಜನ ಕೂಗಿದ್ದರಲ್ಲಿ ತಪ್ಪಿಲ್ಲ, ಕೂಗು ಹೋಗಬೇಕಾದ ಕಡೆ ಹೋಗಲಿಲ್ಲ ಅಷ್ಟೇ. ಎಲ್ಲರ ಕಣ್ಣು ಮೈದಾನದ ಮೇಲೆ. ಮಾಲೀಕ ಆರ್ಟ್ ಮಾಡೆಲ್ ಮೇಲೆ ಕೂತು ಬೇರೆಯೇ ಲೆಕ್ಕ ಹಾಕ್ತಿದ್ದ. ಟಿವಿಯವರಾದ ನಾವೂ ಹಾಗೇ, ಕ್ಯಾಮೆರಾ ಹಿಡಿಯೋದು ಬೆವರು ಸುರಿಸುವವನ ಕಡೆಗೇ.

1995ರ ನವೆಂಬರ್ 6. ತಂಡವನ್ನೇ ಎತ್ತಿಕೊಂಡು ಬಾಲ್ಟಿಮೋರ್‌ಗೆ ಹೋಗ್ತೀನಿ ಅಂತ ಮಾಡೆಲ್ ಘೋಷಿಸಿದ. ಮರುದಿನವೇ ಹಳೇ ಸ್ಟೇಡಿಯಂ ದುರಸ್ತಿಗೆ ತೆರಿಗೆ ಕೊಡ್ತೀರಾ ಅಂತ ಮತದಾನ ಇತ್ತು. ಜನ ಭಾರೀ ಬಹುಮತದಿಂದ ಹೂಂ ಅಂದರು! ಆದರೂ ತಂಡ ಹೋಯ್ತು. ಡಿಸೆಂಬರ್ 17ರ ಕೊನೆಯ ಪಂದ್ಯದ ದಿನ ಅಭಿಮಾನಿಗಳು ಕೂತಿದ್ದ ಕುರ್ಚಿಗಳನ್ನೇ ಕಿತ್ತರು. ನಗರ ಕೋರ್ಟಿಗೆ ಹೋಗಿ ಹೆಸರು, ಬಣ್ಣ, ದಾಖಲೆಗಳನ್ನು ಉಳಿಸಿಕೊಂಡಿತು. 1999ರಲ್ಲಿ ಹೊಸ ಬ್ರೌನ್ಸ್ ಬಂತು. ಬಾಲ್ಟಿಮೋರ್‌ಗೆ ಹೋದ ತಂಡ 2001ರ ಜನವರಿಯಲ್ಲೇ ಸೂಪರ್ ಬೌಲ್ ಗೆದ್ದಿತು.

ಬೆಲಿಚಿಕ್? 1996ರ ಫೆಬ್ರವರಿಯಲ್ಲಿ ಮಾಡೆಲ್ ಅವನನ್ನೂ ಕಿತ್ತುಹಾಕಿದ. 2000ದಲ್ಲಿ ನ್ಯೂ ಇಂಗ್ಲೆಂಡ್ ತಂಡ ಕರೆಯಿತು. ಮರುವರ್ಷ ಅಲ್ಲಿನ ದುಬಾರಿ ಕ್ವಾರ್ಟರ್‌ಬ್ಯಾಕ್ ಬ್ಲೆಡ್ಸೋ ಗಾಯಗೊಂಡು ಗುಣವಾಗಿ ಬಂದಾಗ, ಆಯ್ಕೆಯಲ್ಲಿ 199ನೆಯವನಾಗಿ ಬಂದಿದ್ದ ಹುಡುಗನನ್ನೇ ಮುಂದುವರಿಸಿದ. ಮತ್ತೆ ಅದೇ ಹಟ, ಅದೇ ಗಲಾಟೆ. ಈ ಸಲ ಹುಡುಗನ ಹೆಸರು ಟಾಮ್ ಬ್ರೇಡಿ. ಇಬ್ಬರೂ ಸೇರಿ ಆರು ಸೂಪರ್ ಬೌಲ್ ಗೆದ್ದರು.

ಇತ್ತ ಕ್ಲೀವ್‌ಲ್ಯಾಂಡ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಬಂದರು, ಹೋದರು. ಒಬ್ಬ ಅಭಿಮಾನಿಯ ಅಂಗಿಯ ಬೆನ್ನ ಮೇಲೆ ಅವರ ಹೆಸರುಗಳ ಪಟ್ಟಿ ಉದ್ದವಾಗುತ್ತಲೇ ಹೋಯ್ತು. 2017ರಲ್ಲಿ 16 ಪಂದ್ಯ, 16 ಸೋಲು. ಜನವರಿಯ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಸ್ಟೇಡಿಯಂ ಸುತ್ತ ಸೊನ್ನೆಯಾಕಾರದಲ್ಲಿ ಮೆರವಣಿಗೆ ಮಾಡಿದರು. ಏಪ್ರಿಲ್‌ನಲ್ಲಿ ಮೊದಲ ಆಯ್ಕೆಯಾಗಿ ಬೇಕರ್ ಮೇಫೀಲ್ಡ್ ಬಂದ. 2022ರಲ್ಲಿ ಅವನನ್ನೂ ಬೇರೆ ತಂಡಕ್ಕೆ ಕೊಟ್ಟರು.