ಜೀಪಿನ ಕ್ಲಚ್ಚಿಗೆ ತಡವಾಗಿ ಬಂದ ಬ್ರೇಕ್ ಆಯಿಲ್

1941ರ ವಿಲ್ಲೀಸ್ ಎಂಬಿ ಜೀಪಿನ ಅಡಿಗೆ ಬಗ್ಗಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬ್ರೇಕ್ ಮತ್ತು ಕ್ಲಚ್ ಪೆಡಲುಗಳೆರಡೂ ಒಂದೇ ಶಾಫ್ಟಿನ ಮೇಲೆ ಕೂತಿವೆ. ಬ್ರೇಕ್ ತುಳಿದರೆ ಮಾಸ್ಟರ್ ಸಿಲಿಂಡರಿನ ಆಯಿಲ್ ನಾಲ್ಕೂ ಚಕ್ರಗಳಿಗೆ ಒತ್ತಡ ಒಯ್ಯುತ್ತದೆ. ಪಕ್ಕದ ಕ್ಲಚ್ ತುಳಿದರೆ ಒಂದು ಕೇಬಲ್ ಫೋರ್ಕನ್ನು ಎಳೆಯುತ್ತದೆ, ಅಷ್ಟೇ.

ಹೈಡ್ರಾಲಿಕ್ ವಿದ್ಯೆ ಆಗ ಹೊಸದೇನಲ್ಲ. ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ ಅದನ್ನು 1921ರಲ್ಲೇ ತನ್ನ ಕಾರಿನ ಬ್ರೇಕಿಗೆ ತಂದಿತ್ತು. ಆದರೆ ಬ್ರೇಕು ನಾಲ್ಕು ಕಡೆ ಸಮನಾಗಿ ಹಿಡಿಯಬೇಕು. ಕ್ಲಚ್ಚಿಗೆ ಇರುವುದು ಒಂದೇ ಫೋರ್ಕು, ಅದೂ ಪೆಡಲಿನ ಹತ್ತಿರದಲ್ಲೇ. ಸೀಲು ಸೋರಿದರೆ ರಣರಂಗದಲ್ಲಿ ಬೇರೆ ಸೀಲು ಎಲ್ಲಿಂದ ತರುವುದು? ಕೇಬಲ್ ಸಡಿಲವಾದರೆ ಒಂದು ಸ್ಪ್ಯಾನರ್ ಸಾಕು. ಇದನ್ನು ಹಿಂದುಳಿದ ವಿನ್ಯಾಸ ಎನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ.

ತೊಂದರೆ ಬಂದದ್ದು ವಯಸ್ಸಾದ ಮೇಲೆ. ಕೊಡಚಾದ್ರಿಯನ್ನು ಜೀಪಿನಲ್ಲಿ ಏರಿದವರಿಗೆ ಗೊತ್ತು: ಅಂಥ ದಾರಿಯಲ್ಲಿ ಚಾಸಿ ಒಂದು ಕಡೆ ತಿರುಚಿಕೊಂಡರೆ, ರಬ್ಬರ್ ಮೌಂಟಿನ ಮೇಲಿನ ಎಂಜಿನ್ ಇನ್ನೊಂದು ಕಡೆ ವಾಲುತ್ತದೆ. ಪೆಡಲು ಚಾಸಿಯದ್ದು, ಫೋರ್ಕು ಎಂಜಿನ್ನಿನದ್ದು. ನಡುವಿನ ಲಿಂಕೇಜು ಇಬ್ಬರ ಜಗಳದಲ್ಲಿ ಸವೆಯುತ್ತದೆ. ಬ್ರಿಟನ್ನಿನ ಲ್ಯಾಂಡ್ ರೋವರ್ 1958ರ ಸೀರೀಸ್ 2ರಲ್ಲೇ ಹೈಡ್ರಾಲಿಕ್ ಕ್ಲಚ್ಚಿಗೆ ಬಂತು. ಜೀಪ್ ವಂಶ ನಿಧಾನ; 1987ರ ರಾಂಗ್ಲರ್ ಹೊತ್ತಿಗೆ ಅದು ಸಾಮಾನ್ಯವಾಯಿತು.

ನಮ್ಮಲ್ಲಿ ಮಹೀಂದ್ರಾ ಕಂಪನಿ ವಿಲ್ಲೀಸ್ ವಂಶವನ್ನು ದಶಕಗಳ ಕಾಲ ಸಾಕಿತು. ಪೆಟ್ರೋಲ್ ಖರ್ಚು ತಾಳದೆ ಎಷ್ಟೋ ಮಾಲೀಕರು ಡೀಸೆಲ್ ಎಂಜಿನ್ ಕೂರಿಸಿದರು. ಎಂಜಿನ್ ಜೊತೆ ಬೆಲ್ ಹೌಸಿಂಗ್ ಬದಲಾದಾಗ ಹಳೆಯ ಲಿಂಕೇಜಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಪೈಪನ್ನಾದರೆ ಹೇಗೆ ಬೇಕಾದರೂ ಬಳಸಿ ಒಯ್ಯಬಹುದು. ಇಂಥ ಗಾಡಿಗೆ ಹೈಡ್ರಾಲಿಕ್ ಕ್ಲಚ್ ಶೋಕಿಯಲ್ಲ, ಅಗತ್ಯ.

ಕೆಲಸ ಕೆಡುವ ಜಾಗಗಳೂ ಗೊತ್ತಿರುವಂಥವೇ. ಸ್ಲೇವ್ ಸಿಲಿಂಡರನ್ನು ಚಾಸಿಗೆ ಬಿಗಿದರೆ ಹಳೆಯ ಜಗಳ ಹಾಗೇ ಉಳಿಯುತ್ತದೆ. ಅದು ಬೆಲ್ ಹೌಸಿಂಗಿನ ಮೇಲೇ ಕೂರಬೇಕು. ಕೇಬಲ್ ಎಳೆಯುತ್ತದೆ, ಸಾಮಾನ್ಯ ಸ್ಲೇವ್ ತಳ್ಳುತ್ತದೆ. ಹಾಗಾಗಿ ಹಳೆಯ ಫೋರ್ಕಿಗೆ ಅದನ್ನು ಎದುರು ಬದಿಯಿಂದ ಕೂರಿಸಬೇಕು. ಮಾಸ್ಟರ್ ಸಿಲಿಂಡರನ್ನು ತೆಳು ಫೈರ್‌ವಾಲಿಗೆ ಬರಿದೇ ಬಿಗಿದರೆ ತಗಡೇ ಬಾಗಿ ಅರ್ಧ ತುಳಿತ ವ್ಯರ್ಥ. ಅಳತೆಯನ್ನೂ ನೋಡಿ: ಮಾಸ್ಟರ್ ವ್ಯಾಸ ಮುಕ್ಕಾಲು ಇಂಚು, ಸ್ಲೇವ್ 7/8 ಇಂಚು ಇದ್ದರೆ, ಮಾಸ್ಟರ್ ಒಂದು ಇಂಚು ಸರಿದಾಗ ಸ್ಲೇವ್ ಸರಿಯುವುದು ಸುಮಾರು 0.73 ಇಂಚು. ಪೆಡಲು ಹಗುರಾಗುತ್ತದೆ, ಆದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಕಿರುಚಬಹುದು.

ಮೂಲ ಎಂಜಿನ್ ಇನ್ನೂ ಉಳಿದಿರುವ ಜೀಪಿಗೆ ನಾನಂತೂ ಹೊಸ ಕೇಬಲ್ಲನ್ನೇ ಹಾಕಿಸುತ್ತೇನೆ. ಬದಲಿಸಲೇಬೇಕಾದವರು ಚಾಸಿಯ ಹಳೆಯ ಬ್ರಾಕೆಟ್ಟುಗಳನ್ನು ಗ್ಯಾಸ್ ಕಟರಿಗೆ ಕೊಡದಿರಲಿ, ಬಿಚ್ಚಿದ ಶಾಫ್ಟು-ಲಿವರುಗಳನ್ನು ಗುಜರಿಗೆ ಹಾಕದೆ ಚೀಲದಲ್ಲಿ ಕಟ್ಟಿಡಲಿ.