ಮಧ್ಯಾಹ್ನದ ನಂತರ ಮಗು ಯಾರ ಕೈಲಿ?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಪ್ಲೇಹೋಮ್ ಬೋರ್ಡುಗಳಿಗೆ ಬರವಿಲ್ಲ. ಮೂವತ್ತು-ನಲವತ್ತರ ಸೈಟಿನ ಮನೆ, ಗೋಡೆ ತುಂಬ ಆನೆ-ಜಿರಾಫೆ, ಗೇಟಿಗೆ ‘ಅಡ್ಮಿಷನ್ ಓಪನ್’ ಬ್ಯಾನರು. ಆದರೆ ಒಂದೂವರೆ ವರ್ಷದ ಕೂಸನ್ನು ಬೆಳಗ್ಗೆಯಿಂದ ಸಂಜೆ ಏಳರವರೆಗೆ ಬಿಡಲು ಜಾಗ ಹುಡುಕುವವರಿಗೆ ಈ ಬೋರ್ಡುಗಳಲ್ಲಿ ಹೆಚ್ಚಿನವು ಪ್ರಯೋಜನಕ್ಕೆ ಬರುವುದಿಲ್ಲ. ನಮ್ಮಲ್ಲಿ ಶಿಶುಪಾಲನೆ ಬೆಳೆದು ಬಂದ ಬಗೆಯೇ ಇದಕ್ಕೆ ಕಾರಣ.

ಚಿಕ್ಕ ಮಕ್ಕಳ ಸಂಸ್ಥೆಗಳು ಶುರುವಾದದ್ದೇ ಕಲಿಕೆಯ ಹೆಸರಿನಲ್ಲಿ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮರಿಯಾ ಮಾಂಟೆಸರಿ ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು ಶಿಕ್ಷಕರನ್ನು ತಯಾರು ಮಾಡಿದರು. ಕನ್ನಡ ನಾಡಿನ ಊರೂರಲ್ಲಿ ಮಹಿಳಾ ಸಮಾಜಗಳ ಶಿಶುವಿಹಾರಗಳು ಬಂದವು. ಮೂರು ದಾಟಿದ ಮಕ್ಕಳಿಗೆ ಅಲ್ಲಿ ಎರಡು-ಮೂರು ತಾಸು ಹಾಡು, ಕಥೆ, ಆಟ. ಅದಕ್ಕಿಂತ ಚಿಕ್ಕವರನ್ನು ಅಜ್ಜಿಯೋ ವಠಾರದ ಪಕ್ಕದ ಮನೆಯವರೋ ನೋಡಿಕೊಳ್ಳುತ್ತಾರೆ ಎಂಬುದು ಎಲ್ಲರ ಲೆಕ್ಕ.

ಆರೈಕೆಯ ಪ್ರಶ್ನೆ ಬೇರೆ ಬಾಗಿಲಿನಿಂದ, ಕಾರ್ಮಿಕ ಕಾನೂನಿನ ಮೂಲಕ ಬಂತು. 1948ರ ಕಾರ್ಖಾನೆ ಕಾಯ್ದೆ ದೊಡ್ಡ ಸಂಖ್ಯೆಯಲ್ಲಿ ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಲೇಬೇಕೆಂದಿತು. 1976ರ ತಿದ್ದುಪಡಿ ಮಿತಿಯನ್ನು ಮೂವತ್ತು ಮಹಿಳೆಯರಿಗೆ ಇಳಿಸಿತು. ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದರಿಂದ ಒಂದು ಹಕ್ಕು ಸಿಕ್ಕಿತು. ಆದರೆ ಕೆಂಗೇರಿಯಿಂದ ಕಿಕ್ಕಿರಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಕಾರ್ಖಾನೆಗೆ ಹೋಗುವುದು ಎಷ್ಟು ಜನರಿಗೆ ಸಾಧ್ಯ? 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ತಿ. ನರಸೀಪುರದಿಂದ ಆರಂಭವಾದ ಅಂಗನವಾಡಿ, ಮಕ್ಕಳ ಪೌಷ್ಟಿಕತೆಗೆ ಮಾಡಿದ ಕೆಲಸ ದೊಡ್ಡದು. ಅದೂ ಪಾಳಿ ಮುಗಿಯುವ ಮೊದಲೇ ಬಾಗಿಲು ಹಾಕುತ್ತದೆ.

ತೊಂಬತ್ತರ ದಶಕದ ನಂತರ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಟ ಮನೆಗಳು ಹೆಚ್ಚಿದಂತೆ ಬೆಳಗಿನ ಮಾಂಟೆಸರಿಗೆ ಮಧ್ಯಾಹ್ನದ ಡೇ ಕೇರ್ ಅಂಟಿಕೊಂಡಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ಐವತ್ತು ಮಂದಿ ಇರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಅಂಗಡಿ, ಕ್ಲಿನಿಕ್ಕು, ಸಣ್ಣ ಆಫೀಸುಗಳ ಹೆಂಗಸರು ಇದರ ಹೊರಗೇ ಉಳಿದರು. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು, 2023ರಲ್ಲಿ ಆ ಹಳಿ ವೈಟ್‌ಫೀಲ್ಡ್‌ವರೆಗೂ ಕೂಡಿತು. ಕೆಲಸ ದೂರದಲ್ಲಿ ಸಿಕ್ಕರೂ ಮನೆ ಬದಲಿಸಬೇಕಿಲ್ಲವೆಂದಾಯಿತು. ಮಗು ಡೇ ಕೇರ್‌ನಲ್ಲಿ ಕಳೆಯುವ ಹೊತ್ತು ಮಾತ್ರ ಹಿಗ್ಗಿತು. ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿ, ನರೇಗಾ ಕೂಲಿಯ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ನೆನೆಸಿಕೊಂಡದ್ದು ಮೆಚ್ಚತಕ್ಕದ್ದೇ. ನಗರದ ಅಂಗನವಾಡಿಗಳಿಗೆ ಮರುವರ್ಷ ಬಂದದ್ದು ಮಾತ್ರ ‘ಸರ್ಕಾರಿ ಮಾಂಟೆಸರಿ’, ಅಂದರೆ ಮತ್ತೆ ಪಾಠವೇ.

ಈ ಚರಿತ್ರೆಯ ಫಲವನ್ನು ಯಾವುದೇ ಪ್ಲೇಹೋಮಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಕಾಣಬಹುದು. ಅರ್ಧ ಮಕ್ಕಳು ಬ್ಯಾಗು ನೇತುಹಾಕಿಕೊಂಡು ಮನೆಗೆ ಹೊರಡುತ್ತಾರೆ. ತರಬೇತಿ ಪಡೆದ ಮಿಸ್ಸುಗಳೂ ಸ್ಕೂಟರ್ ಹತ್ತುತ್ತಾರೆ. ಉಳಿದ ಮಕ್ಕಳಿಗೆ ಉಣ್ಣಿಸಿ, ಡೈಪರ್ ಬದಲಿಸಿ, ಚಾಪೆ ಹಾಸಿ ಮಲಗಿಸುವವರು ಒಬ್ಬಿಬ್ಬರು ಆಯಾ. ಅವರಿಗೆ ತರಬೇತಿ ಕಡಿಮೆ, ಸಂಬಳ ಇನ್ನೂ ಕಡಿಮೆ. ಮಗುವಿನ ದಿನದ ದೊಡ್ಡ ಪಾಲು ಅವರ ಕೈಯಲ್ಲೇ ಕಳೆಯುತ್ತದೆ.

ಆದ್ದರಿಂದ ಬೆಳಗ್ಗೆ ಹತ್ತಕ್ಕೆ, ಎಲ್ಲ ಒಪ್ಪವಾಗಿರುವಾಗ ನೋಡಿ ಫೀಸು ಕಟ್ಟಬೇಡಿ. ಎರಡು ಗಂಟೆಗೆ ಹೋಗಿ ಮಕ್ಕಳನ್ನೂ ದೊಡ್ಡವರನ್ನೂ ಎಣಿಸಿ. 2013ರ ರಾಷ್ಟ್ರೀಯ ನೀತಿಯ ಪ್ರಕಾರ ಮೂರರೊಳಗಿನ ಹತ್ತು ಮಕ್ಕಳಿಗೆ, ಮೂರರಿಂದ ಆರರ ಇಪ್ಪತ್ತು ಮಕ್ಕಳಿಗೆ ಒಬ್ಬರಾದರೂ ಇರಬೇಕು. ಆಯಾ ಎಷ್ಟು ಕಾಲದಿಂದ ಇಲ್ಲಿದ್ದಾರೆಂದು ಕೇಳಿ. ತಿಂಗಳಿಗೊಬ್ಬರು ಬದಲಾಗುವ ಕಡೆ ಮಗು ಯಾರನ್ನೂ ಹಚ್ಚಿಕೊಳ್ಳದು. ಗೇಟಿನ ಒಳಗಿನ ಸಂಪಿನ ಮುಚ್ಚಳಕ್ಕೆ ಬೀಗವಿದೆಯೇ, ಮೆಟ್ಟಿಲಿಗೆ ತಡೆಯಿದೆಯೇ, ಟಿವಿ ಎಷ್ಟು ಹೊತ್ತು ಓಡುತ್ತದೆ, ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎಂಬುದನ್ನೂ ವಿಚಾರಿಸಿ. ಮೊದಲ ವಾರ ಜೊತೆಗೆ ಕೂರಲು ಬಿಡದವರನ್ನು, ಹೇಳದೆ ಬಂದರೆ ಗೇಟು ತೆರೆಯದವರನ್ನು ಅಲ್ಲಿಗೇ ಬಿಡಿ. ಸಿಸಿಟಿವಿ ಇದ್ದರೆ ಒಳ್ಳೆಯದು, ಆದರೆ ಅದು ಅಳುವ ಕೂಸನ್ನು ಎತ್ತಿಕೊಳ್ಳುವುದಿಲ್ಲ.

ಇಷ್ಟೆಲ್ಲ ತಪಾಸಣೆಯನ್ನು ತಾಯಿತಂದೆಯರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆಯಾಗಳಿಗೆ ತರಬೇತಿ ಮತ್ತು ಮರ್ಯಾದೆಯ ಸಂಬಳ, ಡೇ ಕೇರ್‌ಗಳಿಗೆ ನಿಯಮಿತ ತಪಾಸಣೆ, ವಾರ್ಡಿಗೊಂದಾದರೂ ‘ಕೂಸಿನ ಮನೆ’: ಹಳ್ಳಿಗಾಗಿ ಯೋಚಿಸಿದ ಸರ್ಕಾರ ನಗರಕ್ಕೂ ಇದನ್ನು ಮಾಡಬೇಕು.